ಮೂರನೇ ಸಾಲಿನ ಕೈ

ನಮ್ಮ ಕನ್ನಡ ಕೂಟಗಳ ಒಕ್ಕೂಟದ ವೆಬ್‌ಸೈಟಿನ ಮೊದಲ ಪುಟದಲ್ಲಿ ಒಂದು ಫೋಟೋ ಇದೆ. ವೇದಿಕೆಯ ಮೇಲಿನಿಂದ ತೆಗೆದದ್ದು. ಕ್ಯಾಲಿಫೋರ್ನಿಯಾದ ಗಿಲ್‌ರಾಯ್‌ನ ಒಂದು ಸಭಾಂಗಣದ ತುಂಬ ರೇಷ್ಮೆ ಸೀರೆ, ಜುಬ್ಬಾ, ಹಳದಿ-ಕೆಂಪು ಶಾಲು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ. ಅಡಿಯಲ್ಲಿ ‘ಒಕ್ಕೂಟದ ಸಂವಿಧಾನವನ್ನು ಸದಸ್ಯರು ಒಮ್ಮತದಿಂದ ಅಂಗೀಕರಿಸಿದ ಕ್ಷಣ’ ಎಂದು ಬರೆದಿದೆ. ಮೂರನೇ ಸಾಲಿನಲ್ಲಿ, ಕಿಟಕಿಯ ಬದಿಗೆ, ಬೂದು ಬಣ್ಣದ ಸ್ವೆಟರಿನ ಒಂದು ತೋಳು ಮಾತ್ರ ಮೇಲೆದ್ದಿದೆ. ನೋಡಿದವರು ಯಾರೋ ಅಜ್ಜಿ ಕ್ಯಾಮೆರಾಗೆ ಟಾಟಾ ಮಾಡುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಟಾಟಾ ಅಲ್ಲ. ಆಕೆ ಮಾತಾಡಲು ಅವಕಾಶ ಕೇಳುತ್ತಿದ್ದರು. ಕೇಳುತ್ತಿದ್ದದ್ದು ನನ್ನನ್ನು. ನಾನು ಆ ಊರಿನ ಕೂಟದ ಕಾರ್ಯದರ್ಶಿ, ಮೈಕು ನನ್ನ ಕೈಯಲ್ಲಿತ್ತು. ಆ ಕೈಯನ್ನು ನೋಡಿದೆ, ನೋಡಿ ತಲೆ ತಗ್ಗಿಸಿದೆ.

ಆಕೆ ಕಳೆದ ತಿಂಗಳು ತೀರಿಕೊಂಡರು. ಫೋಟೋದ ಕೆಳಗಿನ ‘ಒಮ್ಮತದಿಂದ’ ಎಂಬ ಪದವನ್ನು ತೆಗೆಯಿರಿ ಎಂದು ಅಲ್ಲಿಂದೀಚೆಗೆ ಮೂರು ಸಲ ಒಕ್ಕೂಟಕ್ಕೆ ಬರೆದಿದ್ದೇನೆ. ಮೂರು ಸಲವೂ ದೂರು ದಾಖಲಾಗಿದೆ ಎಂದು ಒಂದೊಂದು ಟಿಕೆಟ್ ನಂಬರು ಬಂದಿದೆ, ಉತ್ತರ ಬಂದಿಲ್ಲ. ಆ ಒಕ್ಕೂಟದ ಆಡಳಿತ ಮಂಡಳಿಯಲ್ಲಿ ನಾನೂ ಒಬ್ಬ ಸದಸ್ಯ ಎಂಬುದನ್ನು ಹೇಳದೆ ಇದ್ದರೆ ಇನ್ನೊಂದು ಸುಳ್ಳಾಗುತ್ತದೆ.

ನಾವೆಲ್ಲ ಆಕೆಯನ್ನು ಅಕ್ಕೋರು ಎನ್ನುತ್ತಿದ್ದೆವು. ವಿಜಯಪುರದ ಕಡೆ ಶಾಲೆಯ ಶಿಕ್ಷಕಿಯರನ್ನು ಹಾಗೆ ಕರೆಯುತ್ತಾರೆ ಎಂದು ಮೈಸೂರಿನವನಾದ ನನಗೆ ಗೊತ್ತಿರಲಿಲ್ಲ. ಅವರ ಮಗಳ ಕಡೆಯವರು ಯಾರೋ ಕರೆದರು, ನಾವು ಹಿಡಿದುಕೊಂಡೆವು. ಬೆಂಗಳೂರಿನ ಹುಡುಗರಂತೂ ಅದು ಅವರ ಹೆಸರೇ ಅಂದುಕೊಂಡು ಫೋನಿನಲ್ಲಿ ‘ಅಕ್ಕೋರು ಗಿಲ್‌ರಾಯ್’ ಎಂದು ಹಾಕಿಕೊಂಡಿದ್ದರು. ಆಕೆಗೆ ಅದರಿಂದ ಬೇಜಾರಾಗಲಿಲ್ಲ. "ಇರ್ಲಿ ಬಿಡ್ರಿ, ಊರ ಹೆಸರು ಸೇರಿಸಿ ಕರದ್ರ ಜಮೀನ್ದಾರ್ರ ಹಂಗ ಅನಸ್ತೈತಿ" ಎಂದು ನಕ್ಕಿದ್ದರು.

ಮೂವತ್ತು ವರ್ಷ ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾಗಿ ಮಗಳ ಮನೆಗೆ ಬಂದವರು. ಮಗಳಿಗೆ ಗಿಲ್‌ರಾಯ್‌ನ ಒಂದು ಫಾರ್ಮಸಿಯಲ್ಲಿ ಕೆಲಸ. ಗಿಡ್ಡ ದೇಹ, ತಲೆಯ ಮೇಲೆ ಸಡಿಲವಾಗಿ ಹೊದ್ದ ದುಪಟ್ಟಾ, ವರ್ಷಪೂರ್ತಿ ಅದೇ ಬೂದು ಸ್ವೆಟರು. ಏನಾದರೂ ಮುಖ್ಯವಾದದ್ದನ್ನು ಹೇಳುವ ಮೊದಲು ಎರಡೂ ಅಂಗೈ ತಟ್ಟಿ ಕೊಡವುತ್ತಿದ್ದರು. ಸೀಮೆಸುಣ್ಣದ ಪುಡಿ ಹೋಗಲೆಂದು ಮಾಡುತ್ತಿದ್ದ ಅಭ್ಯಾಸ. ಸುಣ್ಣ ಹೋಗಿ ವರ್ಷಗಳಾಗಿದ್ದರೂ ಕೊಡವುವುದು ಉಳಿದಿತ್ತು. ಅವರು ಕೈ ಕೊಡವಿದರೆ ನಾವು ಮಾತು ನಿಲ್ಲಿಸುತ್ತಿದ್ದೆವು.

ಆಗ ನಾನೂ ಗಿಲ್‌ರಾಯ್‌ನಲ್ಲೇ ಇದ್ದೆ. ಉತ್ತರಕ್ಕೆ ಸ್ಯಾನ್ ಹೋಸೆಯ ಕಡೆ ಮನೆ ಕೊಳ್ಳುವ ಶಕ್ತಿ ಇಲ್ಲದವರು ನಾಲ್ಕೈದು ಡಜನ್ ಕನ್ನಡದ ಕುಟುಂಬಗಳು ಅಲ್ಲಿ ಸೇರಿದ್ದೆವು. ಅದು ಬೆಳ್ಳುಳ್ಳಿ ಬೆಳೆಯುವ ಊರು. ಬೇಸಿಗೆಯಲ್ಲಿ ಊರಿಗೆ ಊರೇ ಬೆಳ್ಳುಳ್ಳಿ ವಾಸನೆ ಹೊಡೆಯುತ್ತಿದ್ದುದರಿಂದ ಉತ್ತರದ ಕಡೆಯವರು ನಮ್ಮನ್ನು ಬೆಳ್ಳುಳ್ಳಿ ಕೂಟ ಎಂದು ಚುಡಾಯಿಸುತ್ತಿದ್ದರು. ನಾವು ಆ ಹೆಸರನ್ನೇ ಬ್ಯಾನರಿಗೆ ಹಾಕಿಕೊಂಡೆವು. ನಮ್ಮ ಕೂಟದ ಹೆಮ್ಮೆ ಎಂದರೆ ಶನಿವಾರದ ಕನ್ನಡ ತರಗತಿ. ಲೈಬ್ರರಿಯ ಒಂದು ಕೋಣೆ, ಹನ್ನೊಂದು ಮಕ್ಕಳು, ಒಬ್ಬರು ಅಕ್ಕೋರು.

ಆ ತರಗತಿಯಲ್ಲಿ ಅವರು ಅಆಇಈ ಕಲಿಸುವುದಕ್ಕೆ ಮೊದಲು ‘ಯಾಕೆ’ ಎಂಬ ಪದ ಕಲಿಸಿದರು. ಮಕ್ಕಳು ಏನು ಬೇಕಾದರೂ ಇಂಗ್ಲಿಷಿನಲ್ಲಿ ಹೇಳಬಹುದು, ‘ಯಾಕೆ’ ಮಾತ್ರ ಕನ್ನಡದಲ್ಲೇ ಕೇಳಬೇಕು. ಕೇಳಿದರೆ ಅಕ್ಕೋರು ಎದ್ದು ನಿಂತು ಉತ್ತರ ಕೊಡುತ್ತಿದ್ದರು. ಮಗು ಕೂತಿರುತ್ತಿತ್ತು, ಟೀಚರು ನಿಂತಿರುತ್ತಿದ್ದರು. ಪ್ರತಿ ತಿಂಗಳೂ ಒಬ್ಬ ಲೀಡರನ್ನು ಆರಿಸುವುದು, ಸರಿಯಿಲ್ಲ ಅನ್ನಿಸಿದರೆ ತಿಂಗಳ ನಡುವೆಯೇ ಇಳಿಸುವುದು. ಒಮ್ಮೆ ನನ್ನ ಮಗಳನ್ನೇ ಇಳಿಸಿದರು. ಅವಳು ಅಳುತ್ತ ಕಾರು ಹತ್ತಿದಳು. "They voted me out, Appa" ಎಂದಳು. ಮುಂದಿನ ತಿಂಗಳು ಮತ್ತೆ ನಿಂತು ಗೆದ್ದಳು.

ಚಪ್ಪಾಳೆಗೆ ಅಲ್ಲಿ ನಿಷೇಧ. ಮಕ್ಕಳು ಖುಷಿಯಿಂದ ತಟ್ಟಲು ಹೋದರೆ ಅಕ್ಕೋರು ತಡೆಯುತ್ತಿದ್ದರು. "ಕೈ ಎತ್ರಿ. ಚಪ್ಪಾಳಿ ಎಷ್ಟು ಮಂದಿ ಹೊಡದ್ರು ಅಂತ ಎಣಸಾಕ ಬರೂದಿಲ್ಲ. ಕೈ ಎಣಸಾಕ ಬರ್ತೈತಿ."

ಅವರ ಪಿಎಚ್.ಡಿ. ಯುರೋಪಿನ ಒಕ್ಕೂಟದ ಮೇಲೆ. ಎಷ್ಟೋ ದೇಶಗಳು ತಮ್ಮ ಅಧಿಕಾರವನ್ನು ತುಂಡು ತುಂಡಾಗಿ ಮೇಲಿನವರಿಗೆ ಒಪ್ಪಿಸುತ್ತ ಹೋದಾಗ, ಆ ದೇಶದ ಮತದಾರ ತನ್ನ ಪ್ರಶ್ನೆಯನ್ನು ಎಲ್ಲಿಗೆ ಒಯ್ಯಬೇಕು ಎನ್ನುವುದು ವಿಷಯ. ವಿಜಯಪುರದಲ್ಲಿ ಕೂತು ಇದನ್ನು ಯಾಕೆ ಆರಿಸಿಕೊಂಡಿರಿ ಎಂದು ಒಮ್ಮೆ ಕೇಳಿದೆ. ಅಂಗೈ ಕೊಡವಿದರು.

"ನಮ್ಮ ಓಣ್ಯಾಗ ನಳಕ್ಕ ನೀರು ಬರಲಿಲ್ಲಂದ್ರ ಮೆಂಬರ್‌ನ ಮನಿ ಮುಂದ ಕೊಡಾ ಇಟ್ಟು ಕುಂದರ್ತಿದ್ವಿ. ಅಂವಾ ಹಲ್ಲು ತಿಕ್ಕೋತ ಹೊರಗ ಬಂದು ಬೈಸ್ಕೋತಿದ್ದ. ಆಮ್ಯಾಲ ನೀರು ಬೋರ್ಡಿಗೆ ಹೋತು. ನೀರೇನೋ ಚಲೋನ ಬಂತು, ಸುಳ್ಳ್ಯಾಕ ಹೇಳ್ಲಿ. ಆದ್ರ ಒಂದಿನ ನಿಂತಿತು. ಕೊಡಾ ತೊಗೊಂಡು ಹೊಂಟ್ವಿ, ಯಾರ ಮನಿಗೆ ಹೋಗಬೇಕು ಅಂತ ಯಾರಿಗೂ ಗೊತ್ತಿಲ್ಲ. ಓಣಿ ತುಂಬ ತಿರಗಿ ಖಾಲಿ ಕೊಡಾ ತೊಗೊಂಡು ಮನಿಗೆ ಬಂದ್ವಿ. ಯುರೋಪಿನಾಗೂ ಅದ ನಡದಿತ್ರಿ. ಕೊಡಾ ಅಷ್ಟ ಬ್ಯಾರೆ."

ಯಾರ ಮನೆ ಮುಂದೆ ನಿಲ್ಲಬೇಕು ಎನ್ನುವುದು ಪ್ರಜೆಗೆ ಗೊತ್ತಿರಬೇಕು, ಪ್ರಜಾಪ್ರಭುತ್ವ ಎಂದರೆ ಅಷ್ಟೇ ಎನ್ನುತ್ತಿದ್ದರು. ಅಲ್ಲಿ ಎರಡು ದೇಶಗಳ ಜನ ಇಡೀ ಯುರೋಪಿಗೆಂದು ಬರೆದ ಸಂವಿಧಾನ ಬೇಡ ಎಂದು ಮತ ಹಾಕಿದ್ದು, ಆಮೇಲೆ ಅದರಲ್ಲಿನ ಬಹುಪಾಲು ಬೇರೆ ಹೆಸರಿನಲ್ಲಿ ಬಂದದ್ದು, ಎಲ್ಲವನ್ನೂ ಪಕ್ಕದ ಮನೆಯ ಸಂಬಂಧ ಮುರಿದ ಕಥೆಯ ಹಾಗೆ ಹೇಳುತ್ತಿದ್ದರು. ನಾನು ಕೇಳುತ್ತ ಅವರ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದೆ. ನನ್ನ ಬದುಕಿಗೂ ಇದಕ್ಕೂ ಏನು ಸಂಬಂಧ ಅಂದುಕೊಂಡಿದ್ದೆ.

ಆಗ ಒಕ್ಕೂಟದ ಮಾತು ಬಂತು. ನಾಲ್ಕು ದೇಶಗಳಲ್ಲಿ ಚದುರಿರುವ ಸಣ್ಣ ಸಣ್ಣ ಕೂಟಗಳನ್ನೆಲ್ಲ ಒಂದು ಸಂವಿಧಾನದ ಕೆಳಗೆ ತರುವ ಯೋಜನೆ. ಅದರಲ್ಲಿ ಒಳ್ಳೆಯದೂ ಇತ್ತು. ಊರಿಂದ ಬರುವ ಕಲಾವಿದರು ದೊಡ್ಡ ಕೂಟಗಳಿಗೆ ಮಾತ್ರ ಸಿಗುತ್ತಿದ್ದರು, ಒಕ್ಕೂಟವಾದರೆ ನಮಗೂ ಸಿಗುತ್ತಿದ್ದರು. ಮಕ್ಕಳ ಕನ್ನಡಕ್ಕೆ ಹೈಸ್ಕೂಲಿನಲ್ಲಿ ಮಾನ್ಯತೆ ಸಿಗುವ ಸಾಧ್ಯತೆ ಇತ್ತು. ಕರಡು ಸಮಿತಿಗೆ ನನ್ನನ್ನು ಕರೆದರು. ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಹನ್ನೆರಡು ವರ್ಷದಿಂದ ಯಾರದೋ ಮ್ಯಾನೇಜರಿನ ಕೆಳಗೆ ಇನ್ನೊಬ್ಬ ಮ್ಯಾನೇಜರಾಗಿದ್ದ ನನಗೆ, ‘ಸಂವಿಧಾನ ರಚನೆ’ ಎಂಬ ಪದ ಕೇಳಿಯೇ ಎದೆ ಉಬ್ಬಿತು. ಹೆಂಡತಿ ಒಂದು ವಾರ ಊಟಕ್ಕೆ ಕರೆಯುವಾಗೆಲ್ಲ "ಸಂವಿಧಾನ ಶಿಲ್ಪಿಗಳೇ, ಅನ್ನ ಬಡಿಸಿದೆ" ಎಂದಳು.

ಮೂವತ್ತೆಂಟು ಪುಟದ ಕರಡನ್ನು ಮೊದಲು ತೋರಿಸಿದ್ದು ಅಕ್ಕೋರಿಗೆ. ಹೊಗಳಲಿ ಎಂದು. ಅವರು ಒಂದು ವಾರ ಇಟ್ಟುಕೊಂಡು ಓದಿ, ಶನಿವಾರ ತರಗತಿ ಮುಗಿದ ಮೇಲೆ ನನ್ನನ್ನು ಮಕ್ಕಳ ಕುರ್ಚಿಯಲ್ಲಿ ಕೂರಿಸಿದರು.

"ಭಾಷಾ ಭಾಳ ಚಂದ ಬರದೀರಿ. ಒಂದು ಕೇಳ್ತೀನಿ. ಈ ಮಂಡಳಿ ಮೆಂಬರ್‌ಗೋಳನ್ನ ಆರಸವ್ರು ಯಾರು?"

"ಮಂಡಳೀನೇ ಆರಿಸತ್ತೆ ಅಕ್ಕೋರೇ. ನಾಲ್ಕು ದೇಶದಲ್ಲಿ ಎಲೆಕ್ಷನ್ ಮಾಡೋದು ಪ್ರಾಕ್ಟಿಕಲ್ ಅಲ್ಲ."

"ಇಳಸವ್ರು?"

ನಾನು ಪುಟ ತಿರುವಿದೆ. ಇಲ್ಲದ್ದನ್ನು ಎಷ್ಟು ತಿರುವಿದರೂ ಸಿಗುವುದಿಲ್ಲ.

"ನಾ ಕೂಡೂದು ಬ್ಯಾಡ ಅನ್ನಂಗಿಲ್ಲ. ಕೂಡ್ರಿ. ಒಬ್ಬೊಬ್ರ ಇದ್ದು ಏನ್ ಮಾಡೂದೈತಿ? ಆದ್ರ ಕೂಡೂವಾಗ ಎದ್ದು ಹೋಗೂ ಬಾಗಲಾ ಎಲ್ಲೈತಿ ಅಂತ ನೋಡ್ಕೊಂಡು ಕೂಡಬೇಕು. ಮೂವತ್ತೆಂಟು ಪುಟ ಹುಡಕೇನಿ, ಬಾಗಲಾ ಸಿಗಲಿಲ್ಲ ಸೆಕ್ರೆಟರಿ ಸಾಹೇಬ್ರ."

ಅವರೇ ಒಂದು ತಿದ್ದುಪಡಿ ಬರೆದುಕೊಟ್ಟರು. ಗೀಟು ಹಾಕಿದ ನೋಟ್‌ಬುಕ್ಕಿನ ಹಾಳೆ, ನೀಲಿ ಶಾಯಿ, ಎರಡೇ ವಾಕ್ಯ. ‘ಯಾವುದೇ ಕೂಟವು ತನ್ನ ಸದಸ್ಯರ ಬಹುಮತದಿಂದ ಒಕ್ಕೂಟವನ್ನು ಬಿಡಬಹುದು. ಕೂಟವೊಂದರ ಬಗ್ಗೆ ಮಂಡಳಿ ತೆಗೆದುಕೊಂಡ ನಿರ್ಧಾರಕ್ಕೆ ಮಂಡಳಿಯವರೊಬ್ಬರು ಆ ಕೂಟದ ಸದಸ್ಯರ ಮುಂದೆ ಬಂದು ನಿಂತು ಉತ್ತರ ಕೊಡತಕ್ಕದ್ದು.’ ‘ನಿಂತು’ ಎಂಬುದಕ್ಕೆ ಅಡಿಗೆರೆ ಎಳೆದಿದ್ದರು. ನಮ್ಮ ಕೂಟದ ನಿಯಮದಂತೆ ತಿದ್ದುಪಡಿಯನ್ನು ಸಭೆಯಲ್ಲಿ ಓದಬೇಕಾದವನು ಕಾರ್ಯದರ್ಶಿ. ಓದುತ್ತೇನೆ ಎಂದು ಮಾತು ಕೊಟ್ಟೆ. ಆ ಹೊತ್ತಿಗೆ ಓದುವ ಮನಸ್ಸೂ ಇತ್ತು.

ಸಭೆಯ ಹಿಂದಿನ ದಿನ ಸಮಿತಿಯ ಅಧ್ಯಕ್ಷರು ಫೋನು ಮಾಡಿದರು. ತಿದ್ದುಪಡಿಯ ಸುದ್ದಿ ಹೇಗೋ ಅವರಿಗೆ ಮುಟ್ಟಿತ್ತು. "ಒಂದು ಕೂಟ ತಿದ್ದಿದ್ರೆ ಎಲ್ಲಾ ಕೂಟಾನೂ ತಿದ್ದುತ್ತೆ ಸಾರ್. ಸ್ಮೂತಾಗಿ ಪಾಸ್ ಮಾಡಿಸಿಬಿಡಿ. ಬೇ ಏರಿಯಾದಿಂದ ಬೋರ್ಡಿಗೆ ನಿಮ್ಮ ಹೆಸರೇ ಇದೆ" ಎಂದರು. ನಾನು ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಥ್ಯಾಂಕ್ಸ್ ಎಂದೆ.

ನಮ್ಮ ಸಭೆಗಳ ರೀತಿ ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ರಾಜ್ಯೋತ್ಸವದ ದಿನವೇ ಸರ್ವಸದಸ್ಯರ ಸಭೆ, ಯಾಕೆಂದರೆ ಬೇರೆ ದಿನ ಯಾರೂ ಬರುವುದಿಲ್ಲ. ಮಕ್ಕಳ ಡ್ಯಾನ್ಸು ಮುಗಿದು ಊಟ ಶುರುವಾಗುವ ಮಧ್ಯೆ ಹದಿನೈದು ನಿಮಿಷ. ಊಟದ ಕೂಪನ್ ಪಡೆದವರ ಸಂಖ್ಯೆಯೇ ಕೋರಂ. ಹೊಸ ಸಮಿತಿಯಾಗಲಿ, ಸೌಂಡ್ ಸಿಸ್ಟಮ್ಮಿನ ಖರೀದಿಯಾಗಲಿ, ‘ಎಲ್ಲರೂ ಒಪ್ಪಿದ್ದೀರೆಂದು ಭಾವಿಸಿ ಜೋರು ಚಪ್ಪಾಳೆ’ ಎಂದರೆ ಮುಗಿಯಿತು. ಹಾಗೇ ನಡೆದುಕೊಂಡು ಬಂದದ್ದು. ಇಂಥ ದೊಡ್ಡ ವಿಷಯವನ್ನೂ ಹಾಗೇ ಮಾಡಿದೆವು. ಹಿಂದಿನ ಬಾಗಿಲಿನಿಂದ ಬಿಸಿಬೇಳೆ ಬಾತಿನ ಟ್ರೇಗಳು ಒಳಗೆ ಬರುತ್ತಿದ್ದವು. ಜನ ಕೂತಲ್ಲೇ ಕತ್ತು ಹೊರಳಿಸಿ ನೋಡುತ್ತಿದ್ದರು.

ಹಾಳೆ ನನ್ನ ಜುಬ್ಬಾದ ಜೇಬಿನಲ್ಲಿತ್ತು. ಮೈಕಿನಲ್ಲಿ ಒಕ್ಕೂಟದ ಲಾಭಗಳನ್ನು ಹೇಳಿದೆ. ಆಮೇಲೆ, ಹಾಳೆಯನ್ನು ತೆಗೆಯಬೇಕಾದ ಕ್ಷಣದಲ್ಲಿ, "ಎಲ್ಲರೂ ಒಪ್ಪಿದ್ದೀರೆಂದು ಭಾವಿಸಿ" ಎಂದುಬಿಟ್ಟೆ. ಚಪ್ಪಾಳೆ ಎದ್ದಿತು. ಮೂರನೇ ಸಾಲಿನಲ್ಲಿ ಆ ಕೈ ಎದ್ದಿತು. ಹೆಸರು ಹಿಡಿದು ಕರೆಯುವವರೆಗೆ ಮಾತಾಡಬಾರದು ಎಂದು ಮೂವತ್ತು ವರ್ಷ ಕಲಿಸಿದವರು, ಕೂಗಲಿಲ್ಲ, ಎದ್ದು ಬರಲಿಲ್ಲ. ಚಪ್ಪಾಳೆ ಪೂರ್ತಿ ನಿಂತ ಮೇಲೂ ಸ್ವಲ್ಪ ಹೊತ್ತು ಕೈ ಹಾಗೇ ಇತ್ತು. ಆಗ ಯಾರೋ "ಊಟ ರೆಡಿ" ಎಂದರು.

ಅವತ್ತು ಅವರು ಊಟ ಮಾಡದೆ ಹೋದರು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಸಾಲಿನಲ್ಲಿ ನಿಂತು, ಬಡಿಸಿಕೊಂಡು, ನನ್ನ ಹೆಂಡತಿಯ ಪಕ್ಕದಲ್ಲಿ ಕೂತು ಊಟ ಮಾಡಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನಾಲ್ಕೈದು ನೆಪ ತಯಾರು ಮಾಡಿಟ್ಟುಕೊಂಡಿದ್ದೆ.

ಬೋರ್ಡಿನ ಸೀಟು ಸಿಕ್ಕಿತು. ಸಂಬಳವೂ ಏರಿದ್ದರಿಂದ ನಾವು ಉತ್ತರದ ಸ್ಯಾನ್ ಮಟಿಯೋಗೆ ಬಂದೆವು. ಮಾರನೆಯ ವರ್ಷ ಒಕ್ಕೂಟದ ಶಿಕ್ಷಣ ಸಮಿತಿ ಒಂದು ನಿರ್ಧಾರ ಮಾಡಿತು. ಹದಿನೈದು ಮಕ್ಕಳಿಗಿಂತ ಕಡಿಮೆ ಇರುವ ತರಗತಿಗಳು ಮುಚ್ಚಿ ಆನ್‌ಲೈನಿಗೆ ಸೇರಬೇಕು, ಎಲ್ಲೆಲ್ಲೂ ಒಂದೇ ಪಠ್ಯ. ಬೆಳ್ಳುಳ್ಳಿ ಕೂಟದಲ್ಲಿ ಇದ್ದದ್ದು ಹನ್ನೊಂದು. ಲೈಬ್ರರಿಯ ಕೋಣೆ ಈಗ ಒಕ್ಕೂಟದ ಹೆಸರಿನಲ್ಲಿತ್ತು, ಅದನ್ನು ಬಿಟ್ಟುಕೊಟ್ಟರು. ಪೋಷಕರು ಬರೆದರು, ಟಿಕೆಟ್ ನಂಬರು ಬಂತು. ಕೂಟ ಹೊರಬರೋಣ ಎಂದರೆ ಬಾಗಿಲು ಬರೆದಿರಲಿಲ್ಲ. ಮಂಡಳಿಯಲ್ಲಿ ವಿಷಯ ಬಂದಾಗ ನಾನು ತಟಸ್ಥನಾಗಿ ಉಳಿದೆ. ನನ್ನದೇ ಊರಿನ ವಿಷಯವಾದ್ದರಿಂದ ಮತ ಹಾಕದಿರುವುದೇ ನ್ಯಾಯ ಎಂದು ಹೇಳಿದೆ. ವಿಡಿಯೋ ಮೀಟಿಂಗಿನ ಹದಿಮೂರು ಚೌಕಗಳಲ್ಲಿ ಹನ್ನೆರಡು ಮುಖಗಳು ನನ್ನ ನ್ಯಾಯಬುದ್ಧಿಗೆ ತಲೆದೂಗಿದವು.

ಆಮೇಲೆ ಒಂದು ಬುಧವಾರ ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ಅಕ್ಕೋರು. ಕಾರು ಓಡಿಸಲು ಬಾರದ ಹೆಂಗಸು ಗಿಲ್‌ರಾಯ್‌ನಿಂದ ಬೆಳಗಿನ ಮೊದಲ ರೈಲು ಹಿಡಿದು, ಸ್ಯಾನ್ ಹೋಸೆಯಲ್ಲಿ ಬದಲಿಸಿ, ಸ್ಟೇಷನ್ನಿನಿಂದ ನಡೆದು ಬಂದಿದ್ದರು. ಕೈಯಲ್ಲಿ ಫ್ಲಾಸ್ಕು.

"ನಿಮ್ಮ ಮನಿ ಮುಂದ ನಿಂತೀನಿ ನೋಡ್ರಿ" ಎಂದು ನಕ್ಕರು.

ಒಳಗೆ ಕರೆದೆ. ಕೂತರು. ಅಂಗೈ ಕೊಡವಿದರು. "ಒಂದು ಕೇಳೂದಿತ್ರಿ" ಎಂದರು.

ಅವರು ಕೇಳುವ ಮೊದಲೇ ನಾನು ಶುರು ಮಾಡಿದೆ. ತರಗತಿಯ ವಿಷಯ ನನ್ನ ಕೈಯಲ್ಲಿಲ್ಲ ಅಕ್ಕೋರೇ, ಒಂದು ಪ್ರೊಸೆಸ್ ಇದೆ, ಶಿಕ್ಷಣ ಸಮಿತಿಗೆ ಅಪೀಲು ಹಾಕಬಹುದು, ಅದು ನೀತಿ ಸಮಿತಿಗೆ ಹೋಗುತ್ತೆ, ಮುಂದಿನ ಕ್ವಾರ್ಟರಿನಲ್ಲಿ ರಿವ್ಯೂ ಇರುತ್ತೆ. ಹತ್ತು ನಿಮಿಷ ಮಾತಾಡಿದೆ. ಅವರು ನನ್ನ ಮುಖವನ್ನೇ ನೋಡುತ್ತ ಪೂರ್ತಿ ಕೇಳಿದರು. ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಚಹಾದ ಲೋಟ ತಾವೇ ಸಿಂಕಿಗೆ ಒಯ್ದು ತೊಳೆದಿಟ್ಟರು.

"ಆತ್ರಿ. ಬರ್ತೀನಿ."

"ಕೇಳೋದಿತ್ತು ಅಂದ್ರಿ?"

"ಇರ್ಲಿ ಬಿಡ್ರಿ. ನಿಮಗ ಮೀಟಿಂಗ್ ಇರ್ತಾವ."

ಮೀಟಿಂಗ್ ಇತ್ತು, ನಿಜ. ಗಿಲ್‌ರಾಯ್ ಕಡೆಗೆ ವಾಪಸ್ ಹೋಗುವ ರೈಲು ಸಂಜೆವರೆಗೂ ಇರಲಿಲ್ಲ ಎನ್ನುವುದೂ ನನಗೆ ಗೊತ್ತಿತ್ತು. ಟ್ಯಾಕ್ಸಿ ಕರೆಸುತ್ತೇನೆ ಎಂದೆ, ಬೇಡ ಎಂದರು. ನಾನೇ ಬಿಟ್ಟುಬರುತ್ತೇನೆ ಎಂದಿದ್ದರೆ ಒಪ್ಪುತ್ತಿದ್ದರೋ ಏನೋ. ಅನ್ನಲಿಲ್ಲ. ಅವರು ಬೀದಿಯ ತಿರುವಿನವರೆಗೆ ನಡೆದು ಹೋಗುವುದನ್ನು ಕಿಟಕಿಯಿಂದ ನೋಡಿ ಲ್ಯಾಪ್‌ಟಾಪಿನ ಮುಂದೆ ಕೂತೆ. ಅದೇ ಕೊನೆ.

ಅವರ ಮಣ್ಣಿಗೆ ನಾನು ಹೋಗಲಿಲ್ಲ. ಶುಕ್ರವಾರದ ಟ್ರಾಫಿಕ್ಕು ಎಂದು ಹೆಂಡತಿಗೆ ಹೇಳಿದೆ. ಅವಳು ಒಬ್ಬಳೇ ಹೋಗಿಬಂದಳು, ನನ್ನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಬೆಳ್ಳುಳ್ಳಿ ಕೂಟದವರು ಅದೇ ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಾಗ ಮಾತ್ರ ತಪ್ಪಿಸಿಕೊಳ್ಳಲಿಲ್ಲ. ಹಳೆಯ ಜುಬ್ಬಾ ತೆಗೆದೆ. ಹಾಳೆ ಜೇಬಿನಲ್ಲೇ ಇತ್ತು. ಡ್ರೈಕ್ಲೀನಿಂಗಿನವರು ಅದನ್ನು ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಮತ್ತೆ ಜೇಬಿಗೇ ಸೇರಿಸಿದ್ದರು.

ಒಂದು ನಿಮಿಷದ ಮೌನ ಮುಗಿದ ಮೇಲೆ ಒಬ್ಬೊಬ್ಬರೇ ಮಾತಾಡಿದರು. ನನ್ನ ಸರದಿ ಬಂದಾಗ ಹಾಳೆ ತೆಗೆದು ಓದಿದೆ. ಎರಡೂ ವಾಕ್ಯ ಓದಿದೆ. ಅವತ್ತು ಇದನ್ನು ಓದುತ್ತೇನೆಂದು ಮಾತು ಕೊಟ್ಟಿದ್ದೆ, ಓದಲಿಲ್ಲ, ಅವರು ಕೈ ಎತ್ತಿದ್ದನ್ನು ನೋಡಿದರೂ ಕರೆಯಲಿಲ್ಲ, ನನ್ನದು ತಪ್ಪು ಎಂದೆ. ಯಾರಾದರೂ ಎದ್ದು ಬೈಯಲಿ ಎಂದು ಕಾದೆ. ಆಮೇಲೆ ಹಿಂದಿನಿಂದ ಯಾರೋ ಶುರು ಮಾಡಿದರು, ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಚಹಾ, ಉಪ್ಪಿಟ್ಟಿನ ಸಾಲಿನಲ್ಲಿ ಇಬ್ಬರು ನನ್ನ ಹೆಗಲು ತಟ್ಟಿದರು. "ತುಂಬಾ ಹಾನೆಸ್ಟ್ ಆಗಿ ಮಾತಾಡಿದ್ರಿ ಸಾರ್" ಎಂದರು. ತರಗತಿ ಮುಚ್ಚಿದಾಗ ಟಿಕೆಟ್ ನಂಬರು ಪಡೆದವರೇ ಅವರು. ತಟ್ಟೆ ಹಿಡಿದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ಅಕ್ಕೋರ ಮಗಳು ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಮೊದಲಿನಿಂದಲೂ ನನ್ನನ್ನು ಅಣ್ಣ ಎನ್ನುತ್ತಿದ್ದವಳು.

"ಯಾಕ ಓದಲಿಲ್ಲ ಅಣ್ಣಾರ?"

"ಅವತ್ತು ಊಟ ಆರ್ತಿತ್ತು, ಜನ ಕಾಯ್ತಿದ್ರು..."

"ಅದಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆದವನಿಗೆ ಹೇಳುವ ಹಾಗೆ ಹೇಳಿದಳು. ನಾನು ತಟ್ಟೆ ಕೆಳಗಿಟ್ಟೆ. ಎದ್ದು ನಿಂತೆ.

"ಬೋರ್ಡಲ್ಲಿ ನಂಗೆ ಸೀಟು ಕೊಡ್ತೀವಿ ಅಂದಿದ್ರು. ಓದಿದ್ರೆ ಸಿಕ್ತಿರ್ಲಿಲ್ಲ. ಅದಕ್ಕೇ ಓದ್ಲಿಲ್ಲಮ್ಮ."

ಅವಳು ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು.

"ಅವತ್ತು ಅಮ್ಮಿ ಮೊದಲ್ನೇ ರೈಲಿಗೆ ನಿಮ್ಮ ಮನಿಗೆ ಬಂದಿದ್ಲಲ್ಲ, ಕ್ಲಾಸಿನ ಸಲುವಾಗಿ ಅಲ್ರಿ. ಕ್ಲಾಸು ಹೋತು ಅಂತ ಅಕಿಗೆ ಗೊತ್ತಿತ್ತು. ಇದನ್ನ ಕೇಳಾಕ ಬಂದಿದ್ಲು."